ನಾವು ಮೂವರು ಸಾಕಿದ ರೋಗದ ಹೊಲ

ನಾನು ನಿಂತಿದ್ದದ್ದು ಹುಮನಾಬಾದಿನ ಪಶ್ಚಿಮಕ್ಕೆ, ಕಲ್ಯಾಣಿಗೆ ಹೋಗುವ ಹಾದಿಯ ಎಡಬದಿಯಲ್ಲಿ, ಒಂದೂವರೆ ಎಕರೆ ಹೊಲದ ಉತ್ತರದ ಬದುವಿನ ಮೇಲೆ. ಈಗಿನ ಬಸವಕಲ್ಯಾಣವನ್ನು ಆಗ ನಾವೆಲ್ಲ ಕಲ್ಯಾಣಿ ಎನ್ನುತ್ತಿದ್ದೆವು. ಯುರೋಪಿನ ಯುದ್ಧ ಸುರುವಾದ ಮೇಲಿನ ಎರಡನೆಯ ಬೇಸಿಗೆ ಅದು. ಯುಗಾದಿಗೆ ಆರು ದಿನ ಉಳಿದಿತ್ತು. ಹೊತ್ತು ಮೂಡಿ ಒಂದು ತಾಸಾಗಿರಬಹುದು. ಗಡಿಯಾರ ನನ್ನ ಹತ್ತಿರ ಇರಲಿಲ್ಲ, ಬದುವಿನ ಜಾಲಿಯ ನೆರಳು ಇನ್ನೂ ಉದ್ದವಾಗಿತ್ತು ಎಂಬುದಷ್ಟೇ ನೆನಪಿದೆ. ನನ್ನ ಮುಂದೆ ಹೊಲದ ತುಂಬ ಒಣಗಿದ ತೊಗರಿಕಟ್ಟಿಗೆ ಉರಿಯುತ್ತಿತ್ತು. ಉರಿ ಇಳಿಯಲಿ ಎಂದು ನಾಲ್ಕು ಜೋಡಿ ಎತ್ತು ನೇಗಿಲು ಹೂಡಿಕೊಂಡು ಹಾದಿಯ ಮೇಲೆ ಕಾದಿದ್ದವು. ಅವುಗಳ ಹಿಂದೆ ಗೊಬ್ಬರದ ಬಂಡಿಗಳಿದ್ದವು.

ಉರಿಯುತ್ತಿರುವುದು ಕಸ ಎಂದು ಅಲ್ಲಿದ್ದವರೆಲ್ಲ ತಿಳಿದಿದ್ದರು. ಅದು ಆರು ವರ್ಷದ ಕೆಲಸ ಎಂದು ತಿಳಿದವನು ಆ ಹೊತ್ತಿಗೆ ಅಲ್ಲಿ ನಾನೊಬ್ಬನೇ ಇದ್ದೆ.

ಅದು ಏನು ಕೆಲಸ ಎಂಬುದನ್ನು ಮೊದಲು ಹೇಳಬೇಕು.

ನಮ್ಮ ಕಡೆ ತೊಗರಿಗೆ ನೆಟೆ ರೋಗ ಬರುತ್ತದೆ. ಗಿಡ ಎದೆಮಟ್ಟ ಬೆಳೆದು, ಹೂವಾಗಿ, ಇನ್ನೇನು ಕಾಯಿ ಕಟ್ಟಬೇಕು ಎನ್ನುವಾಗ ನಿಂತಲ್ಲೇ ಒಣಗುತ್ತದೆ. ಬುಡದ ತೊಗಟೆಯನ್ನು ಉಗುರಿನಿಂದ ಸುಲಿದರೆ ಒಳಗೆ ಕಪ್ಪು ಗೆರೆ ಮೇಲಕ್ಕೆ ಹೋಗಿರುವುದು ಕಾಣುತ್ತದೆ. ರೋಗ ಮಣ್ಣಿನಲ್ಲಿರುತ್ತದೆ, ಸತ್ತ ಗಿಡದ ಬೇರಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಇದಕ್ಕೆ ಔಷಧ ಹುಡುಕುವುದು ವ್ಯರ್ಥ, ಸಾಯದ ಗಿಡವನ್ನೇ ಹುಡುಕಬೇಕು ಎಂದು ಹಟ ಹಿಡಿದವರು ನಮ್ಮ ಸಾಹೇಬರು. ಅವರು ಬೀದರಿನ ಕಡೆಯವರು, ಹೈದರಾಬಾದಿನಲ್ಲಿ ಬೇಸಾಯ ಓದಿದವರು, ಮೃದು ಮಾತಿನ ಮನುಷ್ಯ. ಇಲಾಖೆ ಅವರಿಗೆ ಒಂದು ಸೈಕಲ್ಲು, ದಿನಗೂಲಿಯ ಒಬ್ಬ ಹೆಣ್ಣಾಳು ಮತ್ತು ಬರೆದುಕೊಳ್ಳಲು ನನ್ನನ್ನು ಕೊಟ್ಟಿತ್ತು. ನನಗೆ ಆಗ ಇಪ್ಪತ್ತಮೂರು ವರ್ಷ. ಉರ್ದು ಅಕ್ಷರ ಚೆನ್ನಾಗಿದೆ ಎಂಬ ಕಾರಣಕ್ಕೆ ನನಗೆ ಆ ಕೆಲಸ ಸಿಕ್ಕಿತ್ತು.

ಕೆಲಸಕ್ಕೆ ಹೊಲ ಬೇಕಿತ್ತು. ಹುಮನಾಬಾದಿನ ಕಾಳಿನ ಬಜಾರಿನಲ್ಲಿ ನಿಂತು ಸಾಹೇಬರು ಕಂಡಕಂಡವರನ್ನು ಕೇಳಿದರು: "ನಿಮ್ಮ ಕಡಿ ತೊಗರಿ ಎಲ್ಲಿ ಭಾಳ ಸಾಯ್ತದ?"

ಅಡತಿಯ ಕಟ್ಟೆಯ ಮೇಲೆ ಕುಳಿತಿದ್ದವನೊಬ್ಬ ನಕ್ಕ. "ಎಲ್ಲಾರೂ ಬೆಳಿಯೋ ಹೊಲ ಹುಡುಕ್ತಾರ. ಸಾಹೇಬ್ರು ಸಾಯೋ ಹೊಲ ಹುಡುಕಾಕತ್ತಾರ ನೋಡ್ರಿ."

ಅವನ ಪಕ್ಕದ ರೈತ ತಲೆ ಎತ್ತಿದ. "ನಂದು ತಗೋರಿ ಸಾಹೇಬ್ರ. ಅದರಾಗ ಸಾಯೂದು ಬಿಟ್ಟು ಬ್ಯಾರೆ ಏನೂ ಬೆಳಿಯಂಗಿಲ್ಲ."

ಆ ಹೊಲವೇ ಇದು. ವರ್ಷಕ್ಕಿಷ್ಟು ಬಾಡಿಗೆ ಎಂದು ಲಾವಣಿಗೆ ಹಿಡಿದೆವು. ಎಲ್ಲರೂ ಹೊಲವನ್ನು ಚೊಕ್ಕಟ ಇಡುತ್ತಾರೆ, ನಾವು ರೋಗವನ್ನು ಸಾಕಿದೆವು. ಪ್ರತಿ ವರ್ಷ ಸತ್ತ ಗಿಡಗಳನ್ನು ಬೇರು ಸಮೇತ ಕಿತ್ತು, ಕೊಡಲಿಯಿಂದ ತುಂಡು ಮಾಡಿ, ಹೊಲದ ತುಂಬ ಸಮನಾಗಿ ಹರಡಿ, ಮತ್ತೆ ಅದೇ ಮಣ್ಣಿಗೆ ಸೇರಿಸುತ್ತಿದ್ದೆವು. ಒಂದು ಮೂಲೆಯಲ್ಲಿಯೂ ರೋಗ ಕಡಿಮೆಯಾಗಬಾರದು. ಬೇರೆ ಬೇರೆ ಊರಿನಿಂದ ತಂದ ತೊಗರಿಯನ್ನು ಸಾಲುಸಾಲಾಗಿ ಬಿತ್ತುತ್ತಿದ್ದೆವು. ಸಾಲು ಪೂರ್ತಿ ಸತ್ತರೆ ಮುಗಿಯಿತು, ಒಂದು ಗಿಡ ನಿಂತರೆ ಅದರ ಬೀಜ ಮುಂದಿನ ವರ್ಷಕ್ಕೆ. ತೊಗರಿಯ ಹೂವಿಗೆ ಜೇನು ಬಹಳ ಬರುತ್ತದೆ, ಪಕ್ಕದ ಗಿಡದ ಪರಾಗ ತಂದು ಬೆರೆಸುತ್ತದೆ. ಅದಕ್ಕಾಗಿ ನಿಂತ ಗಿಡದ ಟೊಂಗೆಗಳಿಗೆ ತೆಳುಬಟ್ಟೆಯ ಚೀಲ ಕಟ್ಟುತ್ತಿದ್ದೆವು. ಚೀಲ ಹೊಲಿಯುವವಳು ನಮ್ಮ ಹೆಣ್ಣಾಳು.

ಅವಳನ್ನು ನಾನು ಅಕ್ಕ ಎನ್ನುತ್ತಿದ್ದೆ. ತವರು ಮಂಠಾಳ. ಗಂಡ ತೀರಿಕೊಂಡ ಮೇಲೆ ಹುಮನಾಬಾದಿನಲ್ಲಿ ಅಣ್ಣನ ಮನೆಯಲ್ಲಿದ್ದಳು. ಓದು ಬರಹ ಇಲ್ಲ. ಆದರೆ ರೋಗ ಹಿಡಿದ ಗಿಡವನ್ನು ನಮಗಿಂತ ಮೂರು ನಾಲ್ಕು ದಿನ ಮೊದಲೇ ಗುರುತಿಸುತ್ತಿದ್ದಳು.

"ಇದು ಹೋತ್ರಿ ಸಾಹೇಬ್ರ," ಎಂದಳು ಒಮ್ಮೆ.

"ಎಲಿ ಹಸರ ಅದಾವಲ್ಲಾ?"

"ಹಸರ ಅದಾವ್ರಿ. ಬಿಸಲಿಗಿ ಎಲ್ಲಾ ಗಿಡ ತಲಿ ಬಗ್ಗಸ್ತಾವ, ಸಂಜಿಗಿ ಎತ್ತತಾವ. ಇದು ನಿನ್ನಿ ಸಂಜಿಗಿ ಎತ್ತಿಲ್ಲ."

ಸಾಹೇಬರು ಬುಡ ಸುಲಿದು ನೋಡಿದರು. ಕಪ್ಪು ಗೆರೆ ಆಗಷ್ಟೇ ಮೂಡಿತ್ತು. ಅಂದಿನಿಂದ ನಾವು ಸಂಜೆಯೂ ಒಂದು ಸುತ್ತು ಹೋಗಿ ಬರೆದುಕೊಳ್ಳತೊಡಗಿದೆವು. ಅಂಥ ನಿಯಮ ಯಾವ ಪುಸ್ತಕದಲ್ಲಿಯೂ ಇರಲಿಲ್ಲ ಎಂದು ಸಾಹೇಬರೇ ಹೇಳಿದರು.

ಮೂವರೇ ಆದ್ದರಿಂದ ಎಲ್ಲ ಕೆಲಸ ಎಲ್ಲರದೂ. ಸಾಹೇಬರು ಕೊಡಲಿ ಹಿಡಿಯುತ್ತಿದ್ದರು, ಅಕ್ಕ ಯಾವ ಗಿಡ ಇಡಬೇಕು ಎಂದು ವಾದ ಮಾಡುತ್ತಿದ್ದಳು, ನಾನು ನೀರು ಹೊರುತ್ತಿದ್ದೆ. ಒಬ್ಬರು ಕಂಡದ್ದು ಊಟದ ಹೊತ್ತಿಗೆ ಉಳಿದಿಬ್ಬರಿಗೂ ಗೊತ್ತಾಗುತ್ತಿತ್ತು. ನಾನು ಒಮ್ಮೆ ಎತ್ತರದ, ತುಂಬ ಹೂವಿನ ಗಿಡವೊಂದನ್ನು ತೋರಿಸಿ ಇದನ್ನು ಇಡೋಣ ಎಂದೆ. ಅಕ್ಕ ನಕ್ಕಳು. "ತಮ್ಮಾ, ನಿನಗ ಹೆಣ್ಣ ನೋಡಾಕ ಕಳಸಬಾರದು ನೋಡು. ಎತ್ತರ ನೋಡೇ ಒಪ್ಪಿ ಬರ್ತಿ." ಎಂಟು ದಿನದಲ್ಲಿ ಆ ಗಿಡ ಸತ್ತಿತು.

ನಿಂತದ್ದು ಕೊಡಂಬಲದ ಗಿಡ. ಕೊಡಂಬಲದ ಒಬ್ಬ ರೈತನ ಹೊಲದಲ್ಲಿ ಎಲ್ಲ ಸತ್ತ ನಡುವೆ ಒಂದೇ ಒಂದು ಗಿಡ ಉಳಿದಿತ್ತು. ಗಿಡ್ಡ ಗಿಡ, ಸಣ್ಣ ಕಾಯಿ, ನೋಡಲು ಏನೂ ಚೆಂದವಿಲ್ಲ. ಸಾಹೇಬರು ಅದರ ಬೀಜವನ್ನು ಕೈವಸ್ತ್ರದಲ್ಲಿ ಕಟ್ಟಿಕೊಂಡು ತಂದರು. ಮೊದಲ ವರ್ಷ ಅದರ ಸಾಲಿನಲ್ಲಿ ಅರ್ಧ ಸತ್ತವು. ನಿಂತವುಗಳ ಬೀಜ ಹಾಕಿದೆವು, ಮುಂದಿನ ವರ್ಷ ಸತ್ತದ್ದು ಕಡಿಮೆ. ಐದನೆಯ ವರ್ಷ ಒಂದೂ ಸಾಯಲಿಲ್ಲ. ಸುತ್ತಲಿನ ಸಾಲುಗಳೆಲ್ಲ ಸುಟ್ಟಂತೆ ಒಣಗಿ ನಿಂತಾಗ ಆ ಒಂದು ಸಾಲು ಹಸಿರಾಗಿತ್ತು. ಆರನೆಯ ವರ್ಷವೂ ಹಾಗೆಯೇ ಆಯಿತು.

"ಮೂರನೇ ಸಲ ನಿಲ್ಲಲಿ," ಎಂದರು ಸಾಹೇಬರು. "ಆಮ್ಯಾಲ ಮೊದಲ ಸೇರು ಕೊಡಂಬಲದ ಆ ರೈತಗ."

ಆ ರೈತ ಸಂತೆಗೆ ಬಂದಾಗಲೆಲ್ಲ ನನ್ನನ್ನು ಕೇಳುತ್ತಿದ್ದ: "ನಮ್ಮ ಬೀಜ ಯಾವಾಗ ಬರ್ತದ್ರಿ?" "ಇನ್ನೊಂದು ವರ್ಷ," ಎಂದು ಹೇಳಿದವನು ನಾನೇ.

ಆ ಒಂದು ವರ್ಷ ನಮಗೆ ಸಿಗಲಿಲ್ಲ. ಯುದ್ಧದ ಕಾಲ, ಧಾನ್ಯ ಹೆಚ್ಚು ಬೇಕಿತ್ತು. ಅಲ್ಲಲ್ಲಿ ಇಬ್ಬರು ಮೂವರು ಕುಳಿತು ಮಾಡುವ ಕೆಲಸಗಳನ್ನೆಲ್ಲ ಒಂದು ಮಾಡಬೇಕೆಂದು ಮೇಲಿನಿಂದ ಆಜ್ಞೆ ಬಂತು. ಕಲ್ಯಾಣಿಯ ಹತ್ತಿರ ದೊಡ್ಡ ಫಾರಂ ಆಯಿತು, ನಮ್ಮ ಹೊಲವೂ ಅದರ ಲೆಕ್ಕಕ್ಕೆ ಸೇರಿತು. ಮೂವತ್ತು ಮಂದಿ ಸೇರಿದರು. ಬೀಜ ತೂಗುವವರು ಬೇರೆ, ಮಣ್ಣು ನೋಡುವವರು ಬೇರೆ, ಉಗ್ರಾಣದವರು ಬೇರೆ, ಬರೆಯುವವರು ಬೇರೆ. ಎಲ್ಲರ ಮೇಲೆ ಒಬ್ಬ ಅಧಿಕಾರಿ, ಅವರನ್ನು ಮೊಹ್ತಮಿಮ್ ಎನ್ನುತ್ತಿದ್ದರು.

ಆ ಫಾರಂ ಕೆಟ್ಟದ್ದು ಎಂದು ನಾನು ಬರೆಯುತ್ತಿಲ್ಲ. ಒಳ್ಳೆಯ ಜೋಳದ ಬೀಜ ಯಾವುದೆಂದು ಮೊದಲೇ ಗೊತ್ತಿತ್ತು. ಅದನ್ನು ಬೆಳೆದು, ಚೀಲ ತುಂಬಿ, ಊರೂರಿಗೆ ಮುಟ್ಟಿಸುವ ಕೆಲಸವನ್ನು ಅವರು ಎರಡು ವರ್ಷದಲ್ಲಿ ಮಾಡಿದರು. ನಾವು ಮೂವರು ಜನ್ಮವಿಡೀ ದುಡಿದರೂ ಅದು ಆಗುತ್ತಿರಲಿಲ್ಲ. ಗೊತ್ತಿದ್ದದ್ದನ್ನು ಹೆಚ್ಚು ಮಾಡಲು ಮೂವತ್ತು ಮಂದಿ ಬೇಕು. ಗೊತ್ತಿಲ್ಲದ್ದನ್ನು ಹುಡುಕಲು ಎಷ್ಟು ಮಂದಿ ಬೇಕು ಎಂದು ಆ ದಿನಗಳಲ್ಲಿ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಸಾಹೇಬರು ಮೊದಲ ಸಲ ಮೊಹ್ತಮಿಮರನ್ನು ಕಂಡಾಗ ನಾನು ವಹಿಗಳನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಅವರಿಬ್ಬರೂ ಆಡಿದ್ದು ಉರ್ದುವಿನಲ್ಲಿ. ನೆನಪಿದ್ದಷ್ಟನ್ನು ನಮ್ಮ ಮಾತಿನಲ್ಲಿ ಬರೆಯುತ್ತೇನೆ.

"ಈ ಕೆಲಸಕ್ಕ ಎಷ್ಟು ಮಂದಿ ಇದ್ರಿ?"

"ಮೂರು ಮಂದಿರಿ ಜನಾಬ್."

"ಮೂರು ಮಂದಿ ಆರು ವರ್ಷ ಒಂದೇ ರೋಗ ನೋಡ್ಕೋತ ಕುಂತಿದ್ರಿ?"

"ಹೌದ್ರಿ."

"ಮೂವತ್ತು ಮಂದಿ ಕೊಟ್ರ ಆರು ತಿಂಗಳಾಗ ಮುಗಸ್ತೀರಿ?"

"ತೊಗರಿ ವರ್ಷಕ್ಕೊಮ್ಮೆ ಬೆಳೀತದ್ರಿ. ನಾವು ಎಷ್ಟು ಮಂದಿ ನಿಂತು ನೋಡಿದ್ರೂ ಅದು ವರ್ಷಕ್ಕೊಮ್ಮೆನ ಬೆಳೀತದ."

ಇಬ್ಬರೂ ನಕ್ಕರು. ಮೊಹ್ತಮಿಮರು ಕೆಟ್ಟ ಮನುಷ್ಯರಲ್ಲ. ಸಾಹೇಬರಿಗೆ ಕುರ್ಚಿ ತರಿಸಿದರು, ಚಹಾ ತರಿಸಿದರು, ಬೀಜ ತೂಗುವ ವಿಭಾಗಕ್ಕೆ ಹಾಕಿದರು. ನನ್ನನ್ನು ಬರೆಯುವ ವಿಭಾಗಕ್ಕೆ ಹಾಕಿದರು. ಸಂಜೆ ಹೊಲ ಸುತ್ತಿ ಗಿಡದ ತಲೆ ನೋಡುವ ಕೆಲಸಕ್ಕೆ ಫಾರಂನಲ್ಲಿ ಹುದ್ದೆ ಇರಲಿಲ್ಲ. ಅಕ್ಕ ತನ್ನ ಗಂಟು ಕಟ್ಟಿಕೊಂಡು ಮಂಠಾಳಕ್ಕೆ ಹೋದಳು.

ಇನ್ನು ನನ್ನ ತಪ್ಪು.

ಎಲ್ಲ ಹಳೆಯ ಕೆಲಸಗಳನ್ನು ಒಂದು ದೊಡ್ಡ ವಹಿಗೆ ಇಳಿಸಬೇಕಿತ್ತು. ಉದ್ದಕ್ಕೆ ಗೆರೆ ಎಳೆದ ಹನ್ನೆರಡು ಕಲಮು, ಎಲ್ಲರಿಗೂ ಒಂದೇ ನಮೂನೆ. ನಮ್ಮ ಹೊಲದ ವಿಷಯವನ್ನು ಒಂದು ಪುಟ ಬರೆಯಲು ಸಾಹೇಬರು ಹೇಳಿದ್ದರು: ಇಲ್ಲಿ ರೋಗವನ್ನು ಬೇಕೆಂದೇ ಇಟ್ಟಿದೆ, ಕಟ್ಟಿಗೆ ತೆಗೆಯಬಾರದು, ಬೇರೆ ಬೆಳೆ ಹಾಕಬಾರದು, ಯಾಕೆಂದರೆ ರೋಗವಿಲ್ಲದ ಮಣ್ಣಿನಲ್ಲಿ ಸಾಯುವ ಗಿಡ ಯಾವುದು, ಬದುಕುವ ಗಿಡ ಯಾವುದು ಎಂದು ತಿಳಿಯುವುದಿಲ್ಲ. ವಹಿಯಲ್ಲಿ "ಜಮೀನಿನ ಸ್ಥಿತಿ" ಎಂಬ ಕಲಮು ಎರಡು ಬೆರಳು ಅಗಲ ಇತ್ತು. ಹಿರಿಯ ಗುಮಾಸ್ತರನ್ನು ಕೇಳಿದೆ.

"ಒಂದು ಮಾತಿನಾಗ ಬರೀರಿ," ಎಂದರು. "ಎಲ್ಲಾರಿಗೂ ಒಂದ ಮಾತು. ನಿಮಗೊಬ್ಬರಿಗೆ ಪುರಾಣ ಬರಿಯಾಕ ಜಾಗ ಎಲ್ಲಿಂದ ತರಲಿ?"

"ರೋಗಿಷ್ಟ" ಎಂಬ ಅರ್ಥದ ಉರ್ದು ಪದ ಬರೆದೆ. ಅಕ್ಷರ ಚೆನ್ನಾಗಿ ಬಂತು.

ಅಂದು ಸಂಜೆ ಸಾಹೇಬರು ಕೇಳಿದರು: "ಬರದ್ಯಾ?"

"ಬರದೆನ್ರಿ."

"ಪೂರಾ?"

"ಹೌದ್ರಿ."

ಯಾಕೆ ಸುಳ್ಳು ಹೇಳಿದೆ ಎಂದು ಬಹಳ ಸಲ ಯೋಚಿಸಿದ್ದೇನೆ. ಭಯವಿರಲಿಲ್ಲ. ಆರು ವರ್ಷದಲ್ಲಿ ಆ ಹೊಲದಲ್ಲಿ ರೋಗ ಯಾಕಿದೆ ಎಂದು ಯಾರಿಗೂ ಬರೆದು ತಿಳಿಸುವ ಪ್ರಸಂಗ ನನಗೆ ಬಂದಿರಲಿಲ್ಲ. ಗೊತ್ತಿರಬೇಕಾದ ಮೂವರಿಗೂ ಗೊತ್ತಿತ್ತು. ಮೂವತ್ತು ಮಂದಿಯ ಜಾಗದಲ್ಲಿ ಬರೆದದ್ದಷ್ಟೇ ಎಲ್ಲರಿಗೂ ಗೊತ್ತಿರುತ್ತದೆ ಎಂಬುದು ನನಗೆ ಹೊಳೆಯಲಿಲ್ಲ.

ಯುಗಾದಿಯ ನಂತರ ಹೈದರಾಬಾದಿನಿಂದ ಹಿರಿಯ ಅಧಿಕಾರಿಗಳು ತನಿಖೆಗೆ ಬರುವವರಿದ್ದರು. ಮೊಹ್ತಮಿಮರು ವಹಿ ತರಿಸಿ ನೋಡಿದರು. ಅಷ್ಟು ಜಮೀನಿನಲ್ಲಿ ಒಂದು ರೋಗಿಷ್ಟ ಹೊಲ, ಅದೂ ತನಿಖೆಯವರು ಬರುವ ಹಾದಿಯ ಬದಿಗೆ. ಅದನ್ನು ಗುಣಪಡಿಸಲು ಆಜ್ಞೆ ಕೊಟ್ಟರು. ಕಟ್ಟಿಗೆ ಸುಡಬೇಕು, ಆಳವಾಗಿ ನೇಗಿಲು ಹೊಡೆಯಬೇಕು, ಗೊಬ್ಬರ ಹಾಕಬೇಕು, ಮುಂದೆ ಎರಡು ಮೂರು ವರ್ಷ ಜೋಳ ಬಿತ್ತಬೇಕು. ಅದು ಸರಿಯಾದ ಚಿಕಿತ್ಸೆ. ತಿಳಿದ ಯಾವ ರೈತನೂ ಅದನ್ನೇ ಮಾಡುತ್ತಾನೆ. ನನಗೆ ಹಿಂದಿನ ದಿನ ಹೇಳಿದ್ದು ಇಷ್ಟೇ: ಹುಮನಾಬಾದಿಗೆ ಹೋಗಿ, ಗೊಬ್ಬರ ಎಷ್ಟು ಬಂಡಿ ಬಿದ್ದಿತು ಎಂದು ಬರೆದುಕೊಂಡು ಬಾ. ಯಾವ ಹೊಲ ಎಂದು ನಾನು ಕೇಳಲಿಲ್ಲ. ಬೆಳಿಗ್ಗೆ ಬದು ಹತ್ತಿದಾಗ ಬೆಂಕಿ ಹೊತ್ತಿ ಆಗಿತ್ತು.

ಆಳುಗಳ ಮೇಲಿನ ಮುಕದ್ದಮನಿಗೆ ಹೇಳಿದೆ: "ಇದನ್ನ ಸುಡಬಾರದಿತ್ತು."

"ಯಾಕ್ರಿ?"

"ಇದು ಬೇಕಂತ ಇಟ್ಟ ರೋಗ."

ಅವನು ನನ್ನ ಮುಖ ನೋಡಿದ. "ರೋಗ ಯಾರರೆ ಬೇಕಂತ ಇಟ್ಕೋತಾರೇನ್ರಿ?" ಕಿಸೆಯಿಂದ ಆಜ್ಞೆಯ ಕಾಗದ ತೆಗೆದ. "ನನಗ ಹಿಂಗ ಅದ. ಬ್ಯಾಡ ಅಂತ ಇನ್ನೊಂದು ಕಾಗದ ತೋರಸ್ರಿ, ಈಗಿಂದೀಗ ನಿಲ್ಲಸ್ತೀನಿ."

ಅವನ ಕಾಗದದಲ್ಲಿ ನಾನು ಬರೆದ ಪದವೇ ಇತ್ತು. ನನ್ನ ಹತ್ತಿರ ಬೇರೆ ಕಾಗದ ಇರಲಿಲ್ಲ.

ಉರಿ ಇಳಿಯುತ್ತಿದ್ದಾಗ ಕಲ್ಯಾಣಿಯ ಮೊದಲ ಬಸ್ಸು ಬಂತು. ಸಾಹೇಬರು ಇಳಿದರು. ಅವರಿಗೆ ಯಾರು ಹೇಳಿದರು ಎಂದು ನನಗೆ ಇಂದಿಗೂ ಗೊತ್ತಿಲ್ಲ. ಅವರು ಓಡಲಿಲ್ಲ. ಬದು ಹತ್ತಿ ಬಂದು ನನ್ನ ಎಡಕ್ಕೆ, ಎರಡು ಮೊಳ ದೂರದಲ್ಲಿ ನಿಂತರು. ಬಗ್ಗಿ ಅರ್ಧ ಸುಟ್ಟ ಒಂದು ಕಟ್ಟಿಗೆ ಎತ್ತಿಕೊಂಡು, ಅಭ್ಯಾಸದಂತೆ ಹೆಬ್ಬೆರಳಿನ ಉಗುರಿನಿಂದ ಸುಲಿದರು. ಸುಟ್ಟ ಕಪ್ಪು ಯಾವುದು, ರೋಗದ ಕಪ್ಪು ಯಾವುದು ತಿಳಿಯುವಂತಿರಲಿಲ್ಲ.

"ಪೂರಾ ಬರದೇನಿ ಅಂದಿದ್ದಿ," ಎಂದರು.

"ಒಂದು ಮಾತು ಬರದಿದ್ದೆರಿ."

"ಯಾವ ಮಾತು?"

ಹೇಳಿದೆ. ಅವರು ಸುಲಿದ ಕಟ್ಟಿಗೆಯನ್ನು ಇನ್ನೊಮ್ಮೆ ತಿರುಗಿಸಿ ನೋಡಿದರು. ಆಮೇಲೆ, "ಮಾತು ಖರೇನ ಅದ," ಎಂದರು. ಕಟ್ಟಿಗೆಯನ್ನು ಹೊಲದೊಳಗೆ ಹಾಕಿ, ಕೈ ಒರೆಸಿಕೊಂಡು, ಹಾದಿಗಿಳಿದು ಬಸ್ ನಿಲ್ಲುವ ಕಡೆ ನಡೆದರು. ಆ ದಿನ ನಾನು ಬರೆದುಕೊಂಡ ಗೊಬ್ಬರದ ಬಂಡಿ ಹದಿನಾಲ್ಕು.

ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತೇನೋ.

ಆ ಮಳೆಗಾಲ, ನಮ್ಮ ಬೀಜವನ್ನೂ ಸೇರಿಸಿ, ಎಲ್ಲ ತೊಗರಿಗಳನ್ನೂ ದೊಡ್ಡ ಫಾರಂನ ಚೊಕ್ಕಟ ಮಣ್ಣಿನಲ್ಲಿ ಬಿತ್ತಿ ಪರೀಕ್ಷೆ ಮಾಡಿದರು. ರೋಗವಿಲ್ಲದ ಮಣ್ಣಿನಲ್ಲಿ ಯಾವುದೂ ಸಾಯಲಿಲ್ಲ. ಸಾಯದಿದ್ದ ಮೇಲೆ ತೂಕವೊಂದೇ ಲೆಕ್ಕ. ಕೊಡಂಬಲದ ತೊಗರಿ ಎಲ್ಲಕ್ಕಿಂತ ಕೆಳಗೆ ಬಂತು. ತೂಗುವ ವಿಭಾಗದಲ್ಲಿ ಅದನ್ನು ತಕ್ಕಡಿಗೆ ಹಾಕಿದವರು ಸಾಹೇಬರೇ. ತೂಕವನ್ನು ಇದ್ದಂತೆಯೇ ಹೇಳಿದರು, ನಾನು ಇದ್ದಂತೆಯೇ ಬರೆದೆ. ರೋಗದ ಮಣ್ಣಿನಲ್ಲಿ ಇನ್ನೊಮ್ಮೆ ನೋಡಬೇಕು ಎಂದು ಅವರು ಎರಡು ಸಲ ಅರ್ಜಿ ಕೊಟ್ಟರು. ಅಂಥ ಮಣ್ಣು ಈಗ ಫಾರಂನಲ್ಲಿ ಇಲ್ಲ ಎಂದು ಉತ್ತರ ಬಂತು.

ಕೆಳಗೆ ಬಂದ ಬೀಜಗಳನ್ನು ಉಗ್ರಾಣದಲ್ಲಿ ಇಡುವ ಪದ್ಧತಿ ಇರಲಿಲ್ಲ. ಬೇಸಿಗೆಯಲ್ಲಿ ಅವೆಲ್ಲ ಒಡೆದು ಬೇಳೆಯಾಗಿ ಆಳುಗಳ ಅಡಿಗೆಗೆ ಹೋಗುತ್ತಿದ್ದವು. ಸಾಹೇಬರು ಉಗ್ರಾಣದವನ ಹತ್ತಿರ ಹೋಗಿ ಒಂದು ಹಿಡಿ ಕೇಳಿದರು.

"ಚೀಟಿ ತರ್ರಿ ಸಾಹೇಬ್ರ. ನಾ ಹ್ಯಾಂಗ ಕೊಡಲಿ?"

"ಒಂದ ಹಿಡಿ."

"ಹಿಡಿಗೂ ಚೀಟಿ ಬೇಕ್ರಿ."

ಅವರು ಚೀಟಿಗೆ ಬರೆದರು. ಚೀಟಿ ನಾಲ್ಕು ಮೇಜು ದಾಟಿ ಬರುವಷ್ಟರಲ್ಲಿ ಕಾಳನ್ನು ಬೀಸುವ ಕಲ್ಲಿಗೆ ಹಾಕಿ ಆಗಿತ್ತು. ಕದ್ದು ತೆಗೆದುಕೊಳ್ಳಬಹುದಿತ್ತು. ಅವರು ಅಂಥವರಲ್ಲ, ನನಗೆ ಧೈರ್ಯ ಬರಲಿಲ್ಲ. ಆ ತೊಗರಿಯ ಬೇಳೆಯನ್ನು ಫಾರಂನಲ್ಲಿ ಎಲ್ಲರೂ ಉಂಡರು, ನಾನೂ ಉಂಡಿದ್ದೇನೆ. ಯಾವ ದಿನ ಎಂದು ಗೊತ್ತಿಲ್ಲ.

ಸಾಹೇಬರು ಇನ್ನೂ ಮೂರು ವರ್ಷ ತಕ್ಕಡಿಯ ಮುಂದೆ ಕುಳಿತರು. ಕೆಲಸ ತಪ್ಪಿಸಲಿಲ್ಲ, ಹೊಸ ಮಾತೊಂದನ್ನೂ ಆಡಲಿಲ್ಲ. ನಾಲ್ಕನೆಯ ವರ್ಷದ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡರು.

ಅಕ್ಕನಿಗೆ ಈ ಸುದ್ದಿ ಹೇಳಬೇಕೆಂದು ಮಂಠಾಳಕ್ಕೆ ಹೋದೆ. ಅವಳು ಅತ್ತಳು. ಆಮೇಲೆ ಮುಖ ಒರೆಸಿಕೊಂಡು, "ನಮ್ಮ ಕೊಡಂಬಲ ಹ್ಯಾಂಗ ಅದ?" ಎಂದು ಕೇಳಿದಳು. ಇಲ್ಲ ಎಂದೆ.

"ಇಲ್ಲಂದ್ರ ಏನು ತಮ್ಮಾ? ನಮ್ಮ ತವರ ಹೊಲದ ಬದುವಿನ ಮ್ಯಾಲ ಅದ ಅಲ್ಲಾ?"

ನಮ್ಮ ಕಡೆ ರಾಶಿ ಎತ್ತಿದ ಮೇಲೆ ಕಣ ಗುಡಿಸಿದವಳಿಗೆ ಆ ಗುಡಿಸಿದ ಕಾಳು ಸೇರುತ್ತದೆ. ಅದನ್ನು ಯಾರೂ ಕೇಳುವುದಿಲ್ಲ. ಆರನೆಯ ವರ್ಷ ಕೊಡಂಬಲದ ಸಾಲಿನ ಕಣ ಗುಡಿಸಿದವಳು ಅವಳು. ಆ ಪದ್ಧತಿ ನನಗೆ ಗೊತ್ತಿತ್ತು, ಸಾಹೇಬರಿಗೂ ಗೊತ್ತಿತ್ತು. ಮಂಠಾಳ ಫಾರಂನಿಂದ ಬಹಳ ದೂರವೂ ಅಲ್ಲ. ಒಂದು ಹಿಡಿಗಾಗಿ ಅವರು ಚೀಟಿ ಬರೆಯುತ್ತಿದ್ದಾಗ ಗಿಡಗಳು ಅವಳ ಬದುವಿನ ಮೇಲೆ ನಿಂತಿದ್ದವು. ನಮ್ಮಿಬ್ಬರಿಗೂ ಅವಳನ್ನು ಕೇಳಬೇಕೆಂದು ಹೊಳೆಯಲಿಲ್ಲ. ಅಷ್ಟರಲ್ಲಿ ನಾವು ಚೀಟಿಯ ಮಂದಿಯಾಗಿದ್ದೆವು.

ಬದುವಿಗೆ ಕರೆದುಕೊಂಡು ಹೋದಳು. ಗಿಡಗಳು ಹೂವಿನಲ್ಲಿದ್ದವು. ಕೆಲವು ಗಿಡ್ಡ, ಕೆಲವು ಎತ್ತರ. ಕಾಲು ಪಾಲಿನಷ್ಟು ತಲೆ ಬಗ್ಗಿಸಿದ್ದವು.

"ಮೊದಲೆರಡು ವರ್ಷ ಒಂದೂ ಸತ್ತಿದ್ದಿಲ್ಲ," ಎಂದಳು. "ಆಮ್ಯಾಲ ಸುತ್ತ ಎಲ್ಲಾರೂ ತೊಗರಿ ಹಾಕಿದ್ರು. ಜೇನು ಬಿಡ್ತಾವೇನು? ಚೀಲ ಕಟ್ಟಾಕ ನಾ ಒಬ್ಬಾಕಿ ಎಷ್ಟಕ್ಕಂತ ಕಟ್ಟಲಿ?"

ನಿಂತ ಗಿಡಗಳನ್ನು ಗುರುತು ಮಾಡಿ, ಕಾಯಿ ಮಾಗಿದ ಮೇಲೆ ಬಂದು ಬೀಜ ತೆಗೆದುಕೊಂಡು ಫಾರಂಗೆ ಒಯ್ದೆ. ಹೊಸ ಬೀಜಕ್ಕೆ ಮೂಲ ಯಾವುದು ಎಂಬ ಕಲಮು ತುಂಬಬೇಕಿತ್ತು. ಈ ಸಲ ಕಲಮು ಬಿಟ್ಟು ಎರಡು ಪುಟ ಬರೆದೆ. ನಮೂನೆಯಲ್ಲಿಲ್ಲ ಎಂದು ಮರಳಿ ಬಂತು. ಹಾಗೆ ಹೋಗಿ ಬಂದು ಮಾಡುವುದರಲ್ಲಿ ಹೈದರಾಬಾದ್ ಸಂಸ್ಥಾನ ಮುರಿದುಬಿದ್ದ ಗಲಾಟೆಯ ವರ್ಷ ಬಂತು, ಫಾರಂ ತಿಂಗಳುಗಟ್ಟಲೆ ಮುಚ್ಚಿತು. ಮತ್ತೆ ತೆರೆದಾಗ ಚೀಲದಲ್ಲಿ ಹುಳ ತಿಂದ ಹೊಟ್ಟು ಉಳಿದಿತ್ತು. ಕೊಡಂಬಲದ ರೈತ ಸಂತೆಯಲ್ಲಿ ಕೇಳುವುದನ್ನು ಯಾವ ವರ್ಷ ಬಿಟ್ಟ ಎಂದು ನನಗೆ ನೆನಪಿಲ್ಲ.

ಆ ಬೆಳಿಗ್ಗೆ ಹೊಲ ಸುಟ್ಟದ್ದನ್ನು ಕಂಡವರಲ್ಲಿ ಮುಕದ್ದಮ ಈಗಲೂ ಹುಮನಾಬಾದಿನಲ್ಲಿ ಇದ್ದಾನೆ. ಕೇಳಿದರೆ ಬೆಂಕಿ ಚೆನ್ನಾಗಿ ಹತ್ತಿತ್ತು ಎಂದು ಹೇಳುತ್ತಾನೆ, ಅದೂ ನಿಜ. ಮೊಹ್ತಮಿಮರು ಅಲ್ಲಿರಲಿಲ್ಲ, ಆದರೆ ಜೀವಂತ ಇದ್ದಾರೆ. ಹೋದ ವರ್ಷ ಹೈದರಾಬಾದಿನಲ್ಲಿ ಅವರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಬಹಳ ಹೊತ್ತು ಕೇಳಿ, "ನೀವು ಪೂರಾ ಬರದಿಟ್ಟಿದ್ರ ನಾ ಆ ಹೊಲ ಮುಟ್ತಿದ್ದಿಲ್ಲ," ಎಂದರು. ಅವರನ್ನು ನಾನು ನಂಬುತ್ತೇನೆ.

ಸುತ್ತ ಎಲ್ಲ ಸತ್ತಿದ್ದಾಗ ಒಂದು ಸಾಲು ಹಸಿರಾಗಿ ನಿಂತದ್ದನ್ನು ಆ ಹೊಲದಲ್ಲಿ ಎರಡು ವರ್ಷ ದಿನವೂ ಕಂಡವರು ಮೂವರು. ಒಬ್ಬರು ಇಲ್ಲ. ಉಳಿದವರು ನಾನು ಮತ್ತು ಮಂಠಾಳದ ಅಕ್ಕ. ಅವಳ ಕಣ್ಣು ಮಂಜಾಗಿದೆ, ನೆನಪು ಸ್ವಚ್ಛವಾಗಿದೆ. ನಾನು ಬರೆದದ್ದರಲ್ಲಿ ತಪ್ಪಿದ್ದರೆ ಹೇಳಬಲ್ಲವಳು ಅವಳೊಬ್ಬಳೇ.